ಒಂದು ಅಂಗಿಗೆ ಒಂಬತ್ತು ನಿಮಿಷ

ಜೂನ್ ೧೨, ಸೋಮವಾರ

ತಮ್ಮಾ,

ನಾಲ್ಕೂ ಹತ್ತಕ್ಕೆ ಎಚ್ಚರವಾಯಿತು. ಮಗು ಅತ್ತದ್ದಲ್ಲ, ಕೆಳಗೆ ಹಿಂದಿನ ಕೋಣೆಯ ಚಿಲಕ ತೆಗೆದ ಸದ್ದು. ಇಸ್ತ್ರಿ ದೊಡ್ಡಮ್ಮ ಎದ್ದಳೆಂದರೆ ಇನ್ನು ಐದು ನಿಮಿಷಕ್ಕೆ ಬಾಯ್ಲರು ಗೊರಗುಟ್ಟುತ್ತದೆ. ಬಾಯ್ಲರು ಗೊರಗುಟ್ಟಿದರೆ ಮಗು ಏಳುತ್ತದೆ. ಮಗು ಎದ್ದರೆ ನನ್ನ ಕತೆ ಮುಗಿಯಿತು. ಲಾಂಡ್ರಿಯ ಮೇಲಿನ ಕೋಣೆಯಲ್ಲೇ ಹುಟ್ಟಿ ಬೆಳೆದವಳಿಗೆ ಈ ಸದ್ದುಗಳು ಹೊಸದಲ್ಲ. ಆದರೆ ಆಗ ನಿದ್ದೆ ಅನ್ನುವುದು ಇತ್ತು. ನಿನ್ನ ಭಾವ ರಸ್ತೆ ಅಳೆಯುವ ಕ್ಯಾಂಪಿನಿಂದ ವಾಪಸು ಬರಲು ಇನ್ನೂ ಎಂಟು ತಿಂಗಳು. ಅಲ್ಲಿಯವರೆಗೆ ನಾನು, ನಾಲ್ಕು ತಿಂಗಳ ಈ ರಾಕ್ಷಸಿ, ಮತ್ತು ಮೈಗೆಲ್ಲ ಮೆತ್ತಿಕೊಂಡ ಹುಳಿತ ಹಾಲಿನ ವಾಸನೆ.

ನಿದ್ದೆ ಇಲ್ಲದ್ದಕ್ಕೆ ನಿನಗೆ ಲಾಭ. ‘ಒಳ್ಳೆಯ ನಾಯಕನ ಲಕ್ಷಣಗಳು’ ಮುಗಿಯಿತು, ಎಂಟು ಪುಟ. ತೊಳೆದ ದಿಂಬಿನ ಚೀಲಗಳ ಕಟ್ಟಿನಲ್ಲಿ ಮೇಲಿನಿಂದ ಮೂರನೆಯದರೊಳಗೆ ಇಟ್ಟಿದ್ದೇನೆ. ನಿಮ್ಮ ಹಾಸ್ಟೆಲಿನ ಬಟ್ಟೆಗೆ ಸೋಮವಾರ, ಗುರುವಾರ ವ್ಯಾನು ಹೇಗೂ ಬರುತ್ತದೆ, ವ್ಯಾನಿನ ಮಾಮ ನಿನ್ನ ಕೈಗೇ ಕೊಡುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಮಾತಾಡಬೇಡ. ಫೋನು ಇರುವುದು ಅಪ್ಪನ ಕೌಂಟರಿನ ಮೇಲೆ, ಅಪ್ಪನ ಕಿವಿ ಇರುವುದು ಫೋನಿನ ಪಕ್ಕ.

ಒಂದು ಮಾತು. ಮೊನ್ನೆ ನಿಮ್ಮ ಹಾಸ್ಟೆಲಿನ ಮೂಟೆಯನ್ನು ನಾನೇ ಬಿಚ್ಚಿದೆ. ಥೂ! ಜಗಿದು ಅಂಟಿಸಿದ ಗಮ್ಮು, ಸಿಗರೇಟು ಸುಟ್ಟ ತೂತು. ಒಂದು ಹಾಸಿಗೆ ಬಟ್ಟೆಯಲ್ಲಿ ಯಾರೋ ವಾಂತಿ ಮಾಡಿ ಮಡಚಿ ಇಟ್ಟಿದ್ದಾರೆ. ಮಡಚಿ ಕಣೋ, ನೀಟಾಗಿ, ನಾಲ್ಕು ಮಡಿಕೆ. ನಾಳೆ ಸಾವಿರ ಜನರಿಗೆ ಬುದ್ಧಿ ಹೇಳುವವರು ಇವರು. ದೊಡ್ಡಮ್ಮ ನನ್ನ ಕೈಯಿಂದ ಕಿತ್ತುಕೊಂಡು, “ಓದೋ ಮಕ್ಕಳು, ಅವಕ್ಕೆಲ್ಲಿ ಪುರಸೊತ್ತು, ಬಿಡು” ಅಂದಳು. ಇಸ್ತ್ರಿ ಬಿಟ್ಟು ತಾನೇ ಹೋಗಿ ತೊಳೆದಳು.

ನಿಮ್ಮ ಕಾಲೇಜಿನವರೇ ಹೋದ ವರ್ಷ ನನಗೆ ಬರೆದ ಕಾಗದ ನಿನಗೆ ನೆನಪಿದೆಯಲ್ಲ? ‘ನಿಮ್ಮನ್ನು ಆಯ್ಕೆ ಮಾಡಲು ಸಂತೋಷಿಸುತ್ತೇವೆ.’ ಆಗ ನನಗೆ ಎರಡು ತಿಂಗಳು. ಈಗ ಅದು ಮಗುವಿನ ಬಟ್ಟೆಯ ಡ್ರಾಯರಿಗೆ ಹಾಸಿದ ಕಾಗದ. ದಪ್ಪ ಕಾಗದ, ಒಳ್ಳೆಯ ಗುಣಮಟ್ಟ, ಒದ್ದೆ ಹೀರುತ್ತದೆ.

ನಿದ್ದೆಗೇಡಿ,
ನಿನ್ನ ಅಕ್ಕ


ಜೂನ್ ೨೨, ಗುರುವಾರ

ಅಕ್ಕಾ,

ನಾಯಕನಿಗೆ ‘ಎ’ ಬಂತು! ಮೇಷ್ಟ್ರು ತರಗತಿಯಲ್ಲಿ ಎರಡು ಪ್ಯಾರಾ ಓದಿ ಹೇಳಿದರು. ನೀನು ಇಲ್ಲಿಗೆ ಬಂದಿದ್ದರೆ ನಮ್ಮೆಲ್ಲರ ಚರ್ಮ ಸುಲಿಯುತ್ತಿದ್ದೆ, ದೇವರು ದೊಡ್ಡವನು, ನಿನಗೆ ಮಗು ಕೊಟ್ಟ. ತಮಾಷೆಗೆ ಹೇಳಿದೆ, ಸಿಟ್ಟಾಗಬೇಡ.

ಮೊದಲ ಡಿಗ್ರಿಯಲ್ಲಿ ಓದಿದರೆ ಪಾಸಾಗುತ್ತಿದ್ದೆವು. ಇಲ್ಲಿ ಓದುವುದು ಕೊನೆಯ ಕೆಲಸ. ಬೆಳಿಗ್ಗೆ ಎಂಟರಿಂದ ಗುಂಪು ಚರ್ಚೆ. ಯಾರು ಜೋರಾಗಿ ಮಾತಾಡುತ್ತಾನೋ ಅವನಿಗೆ ಅಂಕ. ಬರೆಯುವುದನ್ನು ಎಲ್ಲರೂ ಯಾರ ಕೈಲಾದರೂ ಮಾಡಿಸುತ್ತಾರೆ, ಅದಕ್ಕೂ ಒಂದು ಹೆಸರಿದೆ: ಕೆಲಸ ಹಂಚುವ ಕಲೆ. ಆ ಲೆಕ್ಕದಲ್ಲಿ ನಾನು ಈಗಾಗಲೇ ಮ್ಯಾನೇಜರು.

ಮುಂದಿನದು ‘ಕೆಲಸಗಾರರನ್ನು ಹುರಿದುಂಬಿಸುವುದು ಹೇಗೆ’. ಪುಸ್ತಕಗಳನ್ನು ಮೂಟೆಯಲ್ಲಿ ಹಾಕಿದ್ದೇನೆ, ಕೊಳೆ ಬಟ್ಟೆಗೆ ತಾಗದ ಹಾಗೆ.

ನಿನ್ನ
ಭಾವಿ ಮ್ಯಾನೇಜರು


ಆಗಸ್ಟ್ ೩, ಗುರುವಾರ

ತಮ್ಮಾ,

ಪುಸ್ತಕಗಳಿಗೆ ಸಾಕ್ಸಿನ ವಾಸನೆ ಹತ್ತಿದೆ. ಆದರೂ ಓದಿದೆ, ಮೂರನ್ನೂ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಸಿದವಳ ಹಾಗೆ ಓದಿದೆ. ಮಗುವನ್ನು ಎದೆಗೆ ಹಾಕಿಕೊಂಡು ಒಂದು ಕೈಯಲ್ಲಿ ಪುಟ ತಿರುಗಿಸುತ್ತ, ಅಂಚಿನಲ್ಲಿ ಪೆನ್ಸಿಲಿನಿಂದ ಮೇಷ್ಟ್ರ ಜೊತೆ ಜಗಳ ಆಡುತ್ತ. ಆಮೇಲೆ ಮಗು ತೇಗಿ ನನ್ನ ಹೆಗಲ ಮೇಲೆ ಕಕ್ಕಿದಾಗ ನೆನಪಾಯಿತು, ಈ ಅಂಕ ನನ್ನದಲ್ಲ.

ದೊಡ್ಡಮ್ಮನ ಜೊತೆ ನಡೆದದ್ದನ್ನು ಕೇಳು. ನಾನು ಕೆಳಗೆ ಅವಳ ಮೇಜಿನ ಹತ್ತಿರ ಪುಸ್ತಕ ಹಿಡಿದು ಕೂತಿದ್ದೆ.

“ನಮ್ಮ ಹುಡುಗ ಓದೋದು ಇದೇನಾ?”

“ಇದೇ.”

“ಏನದು?”

“ಮ್ಯಾನೇಜ್‌ಮೆಂಟು. ಅಂದ್ರೆ, ಕೆಲಸ ಮಾಡೋರ ಹತ್ರ ಕೆಲಸ ಮಾಡ್ಸೋದು.”

“ಅದಕ್ಕೆ ಎರಡು ವರ್ಷಾನಾ? ನಿಮ್ಮಪ್ಪ ಒಂದು ಸಲ ಕೆಮ್ಮಿದ್ರೆ ನಾವೆಲ್ಲ ಮಾಡ್ತೀವಲ್ಲ.”

“ಕೆಮ್ಮದೇ ಮಾಡ್ಸೋದು ಹೇಗೆ ಅಂತ ಹೇಳಿಕೊಡ್ತಾರೆ ದೊಡ್ಡಮ್ಮ.”

“ಓಹೋ, ಹಾಗಾದ್ರೆ ಗಂಟಲಿನ ಓದು ಅನ್ನು” ಅಂದು ನಕ್ಕಳು. ನಗುತ್ತಲೇ ಅಂಗಿಯ ಕಾಲರನ್ನು ತಿರುಗಿಸಿ, ಗುಂಡಿ ಕಿತ್ತಿರುವುದನ್ನು ನೋಡಿ, ಆ ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಅದೇ ಬಣ್ಣದ, ಅದೇ ನಾಲ್ಕು ತೂತಿನ ಗುಂಡಿ ಹುಡುಕಿ ಹೊಲಿದಳು. ಗಿರಾಕಿ ಕೇಳಿಲ್ಲ, ಅಪ್ಪ ಹೇಳಿಲ್ಲ. “ಯಾರು ಹೇಳಿದ್ದು ನಿಂಗೆ?” ಅಂದೆ. “ಗುಂಡಿ ಹೇಳ್ತು” ಅಂದಳು.

ಅದನ್ನೇ ಪ್ರಬಂಧದ ಕೊನೆಗೆ ಬರೆದಿದ್ದೇನೆ. ನಿಮ್ಮ ಮೇಷ್ಟ್ರಿಗೆ ಹಿಡಿಸುತ್ತದೋ ಇಲ್ಲವೋ.

ಅಪ್ಪ ಬಂದವರಿಗೆಲ್ಲ ನಿನ್ನ ಸುದ್ದಿ ಹೇಳುತ್ತಿದ್ದಾರೆ. ಕೋಟು ಕೊಡಲು ಬಂದವನಿಗೂ ಬಿಡುವುದಿಲ್ಲ. ಅಮ್ಮ ಸತ್ತ ಮೇಲೆ ಅಪ್ಪ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅದೊಂದಕ್ಕೆ ಬರೆದುಕೊಡುತ್ತಿದ್ದೇನೆ ಅಂದುಕೋ.

ಅಕ್ಕ


ಸೆಪ್ಟೆಂಬರ್ ೧೮, ಸೋಮವಾರ

ಅಕ್ಕಾ,

ಗುಂಡಿಯ ಪ್ಯಾರಾ ಹೊಡೆದು ಹಾಕಿದೆ. ಭಾವುಕ ಅಂದುಬಿಡುತ್ತಾರೆ.

ಈಗ ದೊಡ್ಡದು ಬಂದಿದೆ. ಸಣ್ಣ ಉದ್ಯಮವೊಂದನ್ನು ಅಭ್ಯಾಸ ಮಾಡಿ, ಸುಧಾರಣೆ ಸೂಚಿಸಿ ವರದಿ ಕೊಡಬೇಕು. ವರ್ಷದ ಅರ್ಧ ಅಂಕ ಇದಕ್ಕೇ. ನಮ್ಮ ಲಾಂಡ್ರಿಯನ್ನೇ ಬರೆದುಕೊಟ್ಟೆ. ಯಾವ ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅನ್ನುವುದು ಬೇಕು, ಮೂವತ್ತು ದಿನ ಗಡಿಯಾರ ಹಿಡಿದು ಅಳೆದದ್ದು. ಒಂದು ದಿನ ಅಳೆದರೆ ಸಾಕು, ಉಳಿದ ಇಪ್ಪತ್ತೊಂಬತ್ತು ದಿನ ಅದರ ಆಚೆಗೊಂದು ಈಚೆಗೊಂದು ಹಾಕು, ಎಲ್ಲರೂ ಹಾಗೇ ಮಾಡುವುದು.

ಇನ್ನೊಂದು ಮುಖ್ಯ ಮಾತು. ‘ಎಲ್ಲ ಚೆನ್ನಾಗಿದೆ’ ಅನ್ನುವ ವರದಿಗೆ ಇಲ್ಲಿ ಸೊನ್ನೆ. ಧೈರ್ಯದ ಸೂಚನೆ ಇರಬೇಕು ಅನ್ನುತ್ತಾರೆ ಮೇಷ್ಟ್ರು. ಧೈರ್ಯ ಅಂದರೆ ಯಾರನ್ನಾದರೂ ತೆಗೆಯುವುದು. ಕಾಗದದ ಮೇಲೆ ತಾನೆ, ಯಾರನ್ನಾದರೂ ತೆಗಿ.

ಪ್ಲೀಸ್ ಅಕ್ಕಾ. ಇದೊಂದು ದಾಟಿದರೆ ಮುಗಿಯಿತು.

ತಮ್ಮ


ಅಕ್ಟೋಬರ್ ೫, ಗುರುವಾರ

ತಮ್ಮಾ,

ನಲವತ್ತೊಂದು ಪುಟ. ದಿಂಬಿನ ಚೀಲದಲ್ಲಿ ಹಿಡಿಸಲಿಲ್ಲ, ಹಾಸಿಗೆ ಬಟ್ಟೆಯ ಮಡಿಕೆಯಲ್ಲಿದೆ. ಟೈಪಿಸ್ಟನಿಗೆ ಕೊಟ್ಟ ಮೇಲೆ ಹರಿದುಹಾಕು. ಒರಟು ಪ್ರತಿ ನನ್ನ ಹತ್ತಿರ ಇದೆ, ಅದನ್ನೂ ಬಾಯ್ಲರಿಗೆ ಹಾಕುತ್ತೇನೆ.

ಅಳೆದದ್ದು ಹೋದ ವಾರ, ಮಂಗಳವಾರ. ಮಗುವಿನ ಮೈ ಬೆಚ್ಚಗಿತ್ತು, ಎತ್ತಿಕೊಂಡರೆ ಅಳು, ಇಳಿಸಿದರೆ ಅಳು. ತೊಟ್ಟಿಲನ್ನು ಕೆಳಗೆ ಒಯ್ದು ದೊಡ್ಡಮ್ಮನ ಮೇಜಿನ ಪಕ್ಕ ಇಟ್ಟು, ನಾನು ನಿನ್ನ ಭಾವನ ಸ್ಟಾಪ್‌ವಾಚ್ ಹಿಡಿದು ಮೆಟ್ಟಿಲ ಮೇಲೆ ಕೂತೆ. “ಏನದು ಟಿಕ್ ಟಿಕ್?” ಅಂದಳು. “ತಮ್ಮನ ಓದಿಗೆ” ಅಂದೆ. “ಹಾಗಾದ್ರೆ ನೀಟಾಗಿ ಮಾಡ್ತೀನಿ ಬಿಡು, ಅವನಿಗೆ ಮಾರ್ಕು ಬರ್ಲಿ” ಅಂದಳು. ಸರಾಸರಿ ಒಂದು ಅಂಗಿಗೆ ಒಂಬತ್ತು ನಿಮಿಷ. ಹೊಸ ಪ್ರೆಸ್ ಯಂತ್ರಕ್ಕೆ ಮೂರು ನಿಮಿಷ ಅಂತ ನಿನ್ನ ಪುಸ್ತಕದಲ್ಲಿತ್ತು. ಉಳಿದದ್ದನ್ನು ಗಣಿತವೇ ಬರೆಯಿತು.

ಬರೆಯುವಾಗ ಸಂತೋಷವಾಯಿತು. ಅದನ್ನು ಹೇಳದೆ ಹೋದರೆ ಸುಳ್ಳಾಗುತ್ತದೆ. ಕೋಷ್ಟಕ ಗೀಚುವಾಗ ನಾನು ಯಾರ ತಾಯಿಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಮುಂದಿನ ಬೆಂಚಿನ ಹುಡುಗಿ. ‘ಹಿಂದಿನ ಕೋಣೆ ಉತ್ಪಾದಕವಲ್ಲದ ಜಾಗ.’ ‘ಇಸ್ತ್ರಿ ವಿಭಾಗದ ಹಿರಿಯ ಕೆಲಸಗಾರ್ತಿ ಹೆಚ್ಚುವರಿ ಮಾನವ ಸಂಪನ್ಮೂಲ.’ ಎಷ್ಟು ಸಲೀಸಾಗಿ ಬಂತು ಗೊತ್ತಾ ಆ ವಾಕ್ಯ! ಬರೆದ ಮೇಲೆ ಹೋಗಿ ಬಾಯಿ ಮುಕ್ಕಳಿಸಿದೆ, ಏನೋ ಹಳಸಿದ್ದನ್ನು ತಿಂದ ಹಾಗೆ. ನಾನು ಹುಟ್ಟುವ ಮೊದಲಿಂದ ಅವಳು ಆ ಕೋಣೆಯಲ್ಲಿದ್ದಾಳೆ. ಅಮ್ಮ ತೀರಿಕೊಂಡ ವರ್ಷ ನೀನು ಆ ಕೋಣೆಯಲ್ಲೇ ಅವಳ ಹೊಟ್ಟೆಗೆ ತಲೆ ಒತ್ತಿಕೊಂಡು ಮಲಗುತ್ತಿದ್ದೆ.

ಕಾಗದದ ಮೇಲೆ ತಾನೆ.

ಅಪ್ಪನಿಗೆ ಮಾತ್ರ ತೋರಿಸಬೇಡ. ಮರೆಯಬೇಡ.

ಅಕ್ಕ


ಡಿಸೆಂಬರ್ ೧೧, ಸೋಮವಾರ

ಅಕ್ಕಾ,

ಮೊದಲ ಬಹುಮಾನ! ಎಂಬತ್ತು ವರದಿಗಳಲ್ಲಿ ನಮ್ಮದು ಮೊದಲು. ಮೇಷ್ಟ್ರು ಮುಖಪುಟದ ಮೇಲೆ ಕೈಯಾರೆ ‘ಕೂಡಲೇ ಜಾರಿಗೆ ತರಬಹುದಾದದ್ದು’ ಎಂದು ಬರೆದು ಸಹಿ ಹಾಕಿದ್ದಾರೆ. ಅಂಥದ್ದನ್ನು ಅವರು ಯಾರಿಗೂ ಬರೆಯುವುದಿಲ್ಲವಂತೆ. ಜನವರಿಯಲ್ಲಿ ಕೆಲಸ ಕೊಡುವ ಕಂಪನಿಗಳು ಬರುತ್ತವೆ. ಅದರಲ್ಲೊಬ್ಬರು ಈಗಲೇ ನನ್ನ ವರದಿ ತರಿಸಿ ಓದಿದ್ದಾರೆ.

ಬಹುಮಾನದ ದಿನ ಅಪ್ಪ ಬಂದಿದ್ದರು, ನಿನಗೆ ಹೇಳಿರಬೇಕು. ತಾವೇ ಇಸ್ತ್ರಿ ಮಾಡಿಕೊಂಡ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಮೇಷ್ಟ್ರು ವೇದಿಕೆಯಿಂದಲೇ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟುಬಿಟ್ಟರು. ನಾನೇನು ಮಾಡಲಿ? ಕಿತ್ತುಕೊಳ್ಳಲೇ? ಚಿನ್ನದ ಅಕ್ಷರದಲ್ಲಿ ನನ್ನ ಹೆಸರು ನೋಡಿ ಅಪ್ಪ ಅತ್ತುಬಿಟ್ಟರು ಅಕ್ಕಾ. ಎಲ್ಲರ ಮುಂದೆ.

ಓದಿ ಕಪಾಟಿನಲ್ಲಿಡುತ್ತಾರೆ ಬಿಡು.

ನಿನ್ನ ತಮ್ಮ


ಡಿಸೆಂಬರ್ ೨೧, ಗುರುವಾರ

ತಮ್ಮಾ,

ಕಪಾಟಿನಲ್ಲಿಡಲಿಲ್ಲ.

ಪ್ಲಾಸ್ಟಿಕ್ ಹೊದಿಕೆ ಹಾಕಿ ಕೌಂಟರಿನ ಮೇಲಿಟ್ಟಿದ್ದಾರೆ. ಸಂಜೆ ಶಟರು ಎಳೆದ ಮೇಲೆ ಕೈ ತೊಳೆದು ಬಂದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಾರೆ. ನಾನು ಬರೆದ ಒಂದೊಂದು ವಾಕ್ಯವನ್ನೂ ಅಪ್ಪನ ತುಟಿಯ ಮೇಲೆ ನೋಡುತ್ತ ಮಗುವಿಗೆ ಊಟ ಮಾಡಿಸುತ್ತೇನೆ. ‘ಸಂಪನ್ಮೂಲ’ ಅನ್ನುವುದನ್ನು ಅವರು ಬಿಡಿಸಿ ಬಿಡಿಸಿ ಓದುತ್ತಾರೆ, ಮಂತ್ರದ ಹಾಗೆ.

ಯಂತ್ರಕ್ಕೆ ಹೇಳಿಯಾಯಿತು. ಇಡುವುದು ಹಿಂದಿನ ಕೋಣೆಯಲ್ಲಿ, ಪುಟ ಮೂವತ್ತಮೂರರಲ್ಲಿ ಹೇಳಿದ ಹಾಗೆ.

ಮೊನ್ನೆ ಅಪ್ಪ ತಮ್ಮ ಕೈಗಡಿಯಾರ ಬಿಚ್ಚಿ ಹಿಡಿದು ದೊಡ್ಡಮ್ಮನ ಹಿಂದೆ ನಿಂತರು. ಬೆನ್ನ ಹಿಂದೆ ಹಾಗೆ ನಿಂತರೆ ಯಾರ ಕೈ ನಿಲ್ಲುತ್ತದೆ? ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಇಸ್ತ್ರಿ ಅಂಗಿಯ ಬೆನ್ನ ಮೇಲೆ ಕೂತುಬಿಟ್ಟಿತು. ಕಂದು ಗುರುತು, ಎಲೆಯ ಆಕಾರದ್ದು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ಪುಸ್ತಕದಲ್ಲಿ ಬರೆದುಕೊಂಡರು. ದೊಡ್ಡಮ್ಮ ಆ ಸುಟ್ಟ ಅಂಗಿಯನ್ನು ಹಿಡಿದು, “ಯಜಮಾನ್ರೇ, ಬೈಯ್ರಿ ಒಂದ್ಸಲ” ಅಂದಳು.

ಅವತ್ತು ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. “ಅದನ್ನ ಬರೆದದ್ದು ನಾನಪ್ಪ. ಅಂಕಕ್ಕೋಸ್ಕರ ಬರೆದದ್ದು. ಇಪ್ಪತ್ತೊಂಬತ್ತು ದಿನದ ಲೆಕ್ಕ ನಾನೇ ಕಟ್ಟಿದ್ದು.”

ಅಪ್ಪ ನಕ್ಕರು ಕಣೋ. ಕೆಟ್ಟ ನಗುವಲ್ಲ, ಮುದ್ದಿನ ನಗು. “ನಿದ್ದೆ ಇಲ್ದೆ ಏನೇನೋ ಆಡ್ತೀಯ ಮಗಳೇ. ಹೋಗು, ಮಲಕ್ಕೋ.”

ಬಾಯ್ಲರಿಗೆ ಹಾಕದೆ ಉಳಿಸಿಕೊಂಡಿದ್ದ ಒರಟು ಪ್ರತಿ ತಂದು ಮುಂದೆ ಹಿಡಿದೆ, ನನ್ನ ಕೈಬರಹ, ಹಾಲಿನ ಕಲೆ ಸಮೇತ. ಅದನ್ನೂ ನೋಡಿದರು. “ನಿನ್ನ ಅಕ್ಷರ ದುಂಡಗಿದೆ ಅಂತ ಅವನು ನಿನ್ನ ಹತ್ರ ನಕಲು ಮಾಡ್ಸಿದಾನೆ” ಅಂದರು.

ನೀನು ಹೇಳಬೇಕು. ಒಂದು ಫೋನು ಸಾಕು. ಬೇರೆ ಯಾರಿಗೂ ಬೇಡ, ಅಪ್ಪನಿಗೆ ಮಾತ್ರ.

ಅಕ್ಕ


ಜನವರಿ ೪, ಗುರುವಾರ

ಅಕ್ಕಾ,

ನಿನ್ನ ಕಾಗದ ನೋಡಿದೆ. ಉತ್ತರ ತಡವಾಯಿತು, ಇಲ್ಲಿ ಸಂದರ್ಶನದ ತಯಾರಿ.

ಶಾಂತವಾಗಿ ಯೋಚಿಸು. ವರದಿ ಸುಳ್ಳೇನಲ್ಲವಲ್ಲ? ಒಂಬತ್ತು ನಿಮಿಷ ನೀನೇ ಅಳೆದದ್ದು. ದೊಡ್ಡಮ್ಮನಿಗೆ ವಯಸ್ಸಾಗಿದೆ, ಇಂದಲ್ಲ ನಾಳೆ ನಿಲ್ಲಿಸಲೇಬೇಕು. ಭಾವನೆ ಬೇರೆ, ವ್ಯವಹಾರ ಬೇರೆ. ಅಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ಹುರುಪು ಬಂದಿದೆ, ಅದನ್ನೇಕೆ ಕೊಲ್ಲುತ್ತೀ?

ಮತ್ತೆ, ನೀನು ಬರೆದದ್ದು ಅಂತ ಇನ್ನು ಯಾರ ಹತ್ತಿರವೂ ಬಾಯಿ ಬಿಡಬೇಡ. ಸಂದರ್ಶನದವರು ಕೇಳುವುದೇ ಆ ವರದಿಯ ಮೇಲೆ. ಗೊತ್ತಾದರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ.

ಇದರ ಜೊತೆ ಕೊನೆಯ ಪ್ರಬಂಧದ ವಿಷಯ ಇಟ್ಟಿದ್ದೇನೆ: ‘ಉದ್ಯಮದಲ್ಲಿ ನೀತಿ’. ಹತ್ತು ಪುಟ ಸಾಕು.

ತಮ್ಮ


ಜನವರಿ ೨೨, ಸೋಮವಾರ

ತಮ್ಮಾ,

ಮಧ್ಯಾಹ್ನ ಮೂರೂ ಐದಕ್ಕೆ ಎಚ್ಚರವಾಯಿತು. ಮಗುವಿನ ಪಕ್ಕದಲ್ಲಿ ಹಾಗೇ ಒರಗಿದ್ದೆ. ಹಿತ್ತಲಿನಲ್ಲಿ ಮರದ ಪೆಟ್ಟಿಗೆಯ ಮೊಳೆ ಕೀಳುವ ಸದ್ದು, ಹಲ್ಲು ಕೀಳುವ ಹಾಗೆ, ಕಿರ್ರ್ ಅಂತ, ಒಂದಾದ ಮೇಲೊಂದು. ಯಂತ್ರ ಬಂದಿದೆ. ನಾಳೆ ಬೆಳಿಗ್ಗೆ ಆರಕ್ಕೆ ಜೋಡಿಸುವವರು ಬರುತ್ತಾರೆ. ಆರರೊಳಗೆ ಹಿಂದಿನ ಕೋಣೆ ಖಾಲಿಯಾಗಬೇಕು.

‘ಉದ್ಯಮದಲ್ಲಿ ನೀತಿ’ಯ ಹತ್ತು ಪುಟ ಈ ಕಟ್ಟಿನಲ್ಲೇ ಇದೆ. ಬಿಳಿ ಕಾಗದ. ಬೇಕಾದ್ದು ಬರೆದುಕೋ.

ವ್ಯಾನು ಸಂಜೆ ಏಳಕ್ಕೆ ಹೊರಡುತ್ತದೆ, ರಾತ್ರಿ ಹತ್ತರೊಳಗೆ ಇದು ನಿನ್ನ ಕೈಯಲ್ಲಿರುತ್ತದೆ. ಆದ್ದರಿಂದ ಅಲಂಕಾರವಿಲ್ಲದೆ ಬರೆಯುತ್ತೇನೆ. ನಿಮ್ಮ ಹಾಸ್ಟೆಲಿಗೆ ಮೂರು ಸಲ ಫೋನು ಮಾಡಿದೆ. ‘ಹುಡುಗರು ಸಂದರ್ಶನದ ತಯಾರಿಯಲ್ಲಿದ್ದಾರೆ’ ಅಂದರು ವಾರ್ಡನ್. ಮೂರನೆಯ ಸಲ ನನ್ನ ದನಿ ಕೇಳಿಯೇ ಇಟ್ಟುಬಿಟ್ಟರು.

ನಾನು ಕೆಳಗೆ ಹೋದಾಗ ದೊಡ್ಡಮ್ಮ ಗಂಟು ಕಟ್ಟುತ್ತಿದ್ದಳು. ಮೂವತ್ತೊಂದು ವರ್ಷ ಎರಡು ದಿಂಬಿನ ಚೀಲದಲ್ಲಿ ಹಿಡಿಸಿತು. ತಂಗಿಯ ಮಗಳ ಮನೆಗಂತೆ. ಅಲ್ಲಿ ಎರಡು ಕೋಣೆಯಲ್ಲಿ ಈಗಾಗಲೇ ಏಳು ಜನ. “ನಾನು ನಿಂತ್ಕೊಂಡೇ ನಿದ್ದೆ ಮಾಡ್ತೀನಿ ಬಿಡು, ಅಭ್ಯಾಸ ಇದೆ” ಅಂದಳು. ನಾನು ನಗಲಿಲ್ಲ.

ಗುಂಡಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ಇದು ಅಂಗಡೀದು. ಯಂತ್ರಕ್ಕೆ ಕೊಡು.” ಆಮೇಲೆ, “ಅವನು ಬರ್ದಿದ್ದರಲ್ಲಿ ನನ್ನ ಬಗ್ಗೆ ಏನಿದೆ? ಯಜಮಾನ್ರು ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ.”

“ಒಂದು ಅಂಗಿಗೆ ಒಂಬತ್ತು ನಿಮಿಷ ಅಂತಿದೆ, ದೊಡ್ಡಮ್ಮ.”

“ಒಂಬತ್ತಾ?” ಅವಳಿಗೆ ನಿಜವಾಗಿಯೂ ಆಶ್ಚರ್ಯ. “ಯಾರು ಎಣಿಸಿದ್ದು?”

“ನಾನು. ಅವತ್ತು, ಮೆಟ್ಟಿಲ ಮೇಲೆ ಕೂತು.”

ಚೀಲಕ್ಕೆ ಇನ್ನೊಂದು ಸೀರೆ ತುರುಕಿದಳು. “ಅವತ್ತು ಮಗೂಗೆ ಜ್ವರ ಅಲ್ವೇನೇ? ಒಂದು ಕಾಲಲ್ಲಿ ತೊಟ್ಟಿಲು ತೂಗ್ತಾ ಇದ್ದೆ. ನಿಲ್ಸಿದ್ರೆ ಕಿರುಚ್ತಿತ್ತು, ನಿಂಗೆ ಲೆಕ್ಕ ತಪ್ತಿತ್ತು. ಎರಡು ಸಲ ಎತ್ಕೊಂಡು ತಿರುಗಾಡಿಸ್ದೆ ಕೂಡ. ಹೂಂ, ಹಾಗಾದ್ರೆ ಒಂಬತ್ತು ಆಗಿದ್ರೂ ಆಗಿರ್ಬಹುದು.”

ಆಪಾದನೆ ಅಲ್ಲ ಕಣೋ. ನನ್ನ ಲೆಕ್ಕ ಸರಿಯಾಗಲಿ ಅಂತ ಸಹಾಯ ಮಾಡುತ್ತಿದ್ದಳು.

ನನಗೆ ಕಂಡಿತ್ತು. ಅದೇ ನನ್ನ ಅಸಹ್ಯ. ಆ ಕಾಲು ತೊಟ್ಟಿಲನ್ನು ತೂಗುತ್ತಿದ್ದದ್ದನ್ನು ನಾನು ಒಂದು ಗಂಟೆ ಕಣ್ಣಾರೆ ನೋಡಿದ್ದೇನೆ. ಗಡಿಯಾರ ಹಿಡಿದ ಕೈಗೆ ಕಾಣಿಸಲಿಲ್ಲ. ನನ್ನ ಮಗುವನ್ನು ಅವಳ ಕಾಲಿಗೆ ಕಟ್ಟಿ, ನಿನ್ನ ಓದನ್ನು ಅವಳ ಕೈಗೆ ಕಟ್ಟಿ, ಆಮೇಲೆ ‘ನಿಧಾನ’ ಅಂತ ಬರೆದೆ. ದುಂಡಗಿನ ಅಕ್ಷರದಲ್ಲಿ. ನಿಮ್ಮ ಹಾಸ್ಟೆಲಿನ ವಾಂತಿಯನ್ನು ಮಡಚಿಟ್ಟವನನ್ನು ಬೈದೆನಲ್ಲ, ನಾನು ಮಾಡಿದ್ದೂ ಅದೇ. ನೀಟಾಗಿ, ನಲವತ್ತೊಂದು ಮಡಿಕೆ. ನೀನು ಅದಕ್ಕೆ ಚಿನ್ನದ ಅಕ್ಷರ ಹಾಕಿಸಿದೆ.

ಮತ್ತೆ ಅಳೆದೆ, ಅಲ್ಲೇ, ಆಗಲೇ. ಮಗು ಮೇಲೆ ಮಲಗಿತ್ತು. “ದೊಡ್ಡಮ್ಮ, ಗಂಟು ಆಮೇಲೆ ಕಟ್ಟು, ಹತ್ತು ಅಂಗಿ ಮಾಡು” ಅಂದೆ. ಮಾಡಿದಳು. ಸರಾಸರಿ ನಾಲ್ಕು ನಿಮಿಷ. ಎರಡಕ್ಕೆ ಗುಂಡಿ ಹೊಲಿದದ್ದೂ ಸೇರಿ.

ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ. “ಹೋಗೋವಾಗ ಎಲ್ರೂ ಬೇಗ ಮಾಡ್ತಾರೆ” ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, “ನಂಗೇನು ಖುಷಿ ಅಂತ ತಿಳ್ಕೊಂಡ್ಯಾ? ಅವಳು ನಿಮ್ಮಮ್ಮನ ಕೈ ಹಿಡ್ಕೊಂಡು ಕೂತಿದ್ದವಳು. ಆದ್ರೆ ನನ್ನ ಮಗ ಓದಿ, ಅಷ್ಟು ದೊಡ್ಡ ಮೇಷ್ಟ್ರು ಸಹಿ ಹಾಕಿ, ದಾರಿ ತೋರ್ಸಿದಾರೆ. ನಾನು ಓದಿಲ್ಲ. ಓದಿಲ್ಲದವನು ಓದಿದವನ ಮಾತು ಕೇಳ್ದೆ ಇನ್ಯಾರ ಮಾತು ಕೇಳ್ಲಿ?” ಅಂದರು.

ಅಪ್ಪ ಕೆಟ್ಟವರಲ್ಲ. ನಿನ್ನನ್ನು ನಂಬಿದ್ದಾರೆ, ಅಷ್ಟೆ. ನಾನೂ ಡಿಗ್ರಿ ಪಡೆದವಳು, ನಿನಗಿಂತ ಹೆಚ್ಚು ಅಂಕದಲ್ಲಿ. ಆದರೆ ಈ ಮನೆಯಲ್ಲಿ ‘ಓದಿದವರು’ ಅಂದರೆ ನೀನೊಬ್ಬನೇ. ಹಾಗಾಗಿ ನಾನು ಬರೆದ ಸುಳ್ಳನ್ನು ನೀನೇ ಅಳಿಸಬೇಕು. ನನ್ನ ಕೈಯಲ್ಲಿ ಬರೆಯಲು ಆಯಿತು, ಅಳಿಸಲು ಆಗುತ್ತಿಲ್ಲ.

ನಿಮ್ಮ ಮೇಷ್ಟ್ರಿಗೆ ಒರಟು ಪ್ರತಿ ಕಳಿಸಿಬಿಡೋಣ ಅನ್ನಿಸಿತು, ಅನ್ನಿಸಲಿಲ್ಲ ಅಂತ ಹೇಳಲಾರೆ. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಆಮೇಲೆ ಹರಿದೆ. ನಿನ್ನ ಕೆಲಸ ಹೋಗುವುದು ನನಗೆ ಬೇಡ. ನಿನ್ನ ಡಿಗ್ರಿ ನೀನು ಇಟ್ಟುಕೋ, ಚಿನ್ನದ ಅಕ್ಷರ ಇಟ್ಟುಕೋ, ಕಂಪನಿಯವರ ಮುಂದೆ ಆ ನಲವತ್ತೊಂದು ಪುಟ ನಿನ್ನದೇ ಅಂತ ಕಣ್ಣು ಮಿಟುಕಿಸದೆ ಹೇಳು. ನಾನು ಸಾಯುವವರೆಗೆ ಬಾಯಿ ಬಿಡುವುದಿಲ್ಲ. ಅಪ್ಪನೊಬ್ಬರಿಗೆ ನಿಜ ಹೇಳು. ಒಬ್ಬರಿಗೆ.

ಅಷ್ಟೂ ಆಗದಿದ್ದರೆ, ‘ಅಪ್ಪಾ, ಆ ಲೆಕ್ಕ ತಪ್ಪು, ಅವತ್ತು ದೊಡ್ಡಮ್ಮನ ಕಾಲಲ್ಲಿ ತೊಟ್ಟಿಲಿತ್ತು’ ಅನ್ನು. ವರದಿ ನಿನ್ನದೇ ಅಂದುಕೊಳ್ಳಲಿ, ತಪ್ಪೂ ನಿನ್ನದೇ ಅಂದುಕೊಳ್ಳಲಿ. ಓದಿದವನೂ ತಪ್ಪುತ್ತಾನೆ ಅಂತ ಅವರಿಗೆ ಯಾರಾದರೂ ಓದಿದವನೇ ಹೇಳಬೇಕು.

ನಿಮ್ಮ ಊಟದ ಕೋಣೆಯ ಹೊರಗೆ ನಾಣ್ಯ ಹಾಕುವ ಫೋನಿದೆ, ರಾತ್ರಿಯೆಲ್ಲ ಇರುತ್ತದೆ ಅಂತ ನೀನೇ ಹೇಳಿದ್ದೆ. ಈ ಕಾಗದದ ಜೊತೆ ಮಗುವಿನ ಒಂದು ಕಾಲುಚೀಲ ಇದೆ, ಅದರಲ್ಲಿ ನಾಣ್ಯಗಳಿವೆ. ಸಾಲಲಿಲ್ಲ ಅನ್ನಬೇಡ.

ದೊಡ್ಡಮ್ಮ ನಾಳೆಯೂ ನಾಲ್ಕೂ ಹತ್ತಕ್ಕೇ ಏಳುತ್ತಾಳೆ. ಹೊರಡುವ ಮೊದಲು ಬಾಯ್ಲರು ಹಚ್ಚಿಟ್ಟು ಹೋಗುತ್ತೇನೆ ಅಂದಿದ್ದಾಳೆ, ‘ಯಜಮಾನ್ರಿಗೆ ಬೆಳಿಗ್ಗೆ ಚಳಿಗೆ ಕೈ ಸೇದುತ್ತೆ’ ಅಂತ. ಆ ಚಿಲಕದ ಸದ್ದಿಗೆ ಮೊದಲು ಮಾಡು. ಅಪ್ಪ ಕೌಂಟರಿನ ಹಿಂದಿನ ಮಂಚದ ಮೇಲೆ ಮಲಗಿರುತ್ತಾರೆ. ಗಾಢ ನಿದ್ದೆ, ನಮ್ಮ ಮನೆಯ ನಿದ್ದೆಯೆಲ್ಲ ಅವರಿಗೇ ಹೋಗಿದೆ. ಬೇಗ ಎತ್ತುವುದಿಲ್ಲ. ಫೋನು ಹೊಡೆದುಕೊಳ್ಳುತ್ತಲೇ ಇರಲಿ, ಮಗು ಎದ್ದರೂ ಪರವಾಗಿಲ್ಲ, ಬೀದಿಯೇ ಎದ್ದರೂ ಪರವಾಗಿಲ್ಲ. ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ, ಅವತ್ತು ಕೂತಲ್ಲೇ. ಎಷ್ಟು ಹೊಡೆದುಕೊಂಡರೂ ನಾನು ಎತ್ತುವುದಿಲ್ಲ, ನಾನು ಎತ್ತಿದರೆ ಪ್ರಯೋಜನವಿಲ್ಲ. ಅಪ್ಪ ಎತ್ತುವವರೆಗೆ ಇಡಬೇಡ. ಕೈಮುಗಿಯುತ್ತೇನೆ ತಮ್ಮಾ, ಬೆಳಗಾಗುವುದರೊಳಗೆ ಫೋನು ಮಾಡು.

ಅಕ್ಕ